ಬಂದವರ ಹೆಸರು ಮೊದಲು

ನ್ಯಾಮತಿಯ ಬಯಲಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಕುಸ್ತಿ ಕಣದ ಕೆಮ್ಮಣ್ಣನ್ನು ಶಿವಮೂರ್ತಪ್ಪ ಗುದ್ದಲಿಯಿಂದ ಮಗುಚುತ್ತಿದ್ದಾರೆ. ಬದಿಯಲ್ಲಿ ಮಜ್ಜಿಗೆಯ ಕೊಡ, ಎಣ್ಣೆಯ ಡಬ್ಬ, ಅರಿಸಿನದ ಪೊಟ್ಟಣ ಇವೆ. ಮಣ್ಣು ಹದವಾಗಬೇಕು, ಬಿದ್ದವರಿಗೆ ಪೆಟ್ಟಾಗಬಾರದು, ಹಿಡಿದವರ ಕೈ ಜಾರಬಾರದು. ಕಣದ ಆಚೆ ಅಂಚಿನಲ್ಲಿ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟ ಹೆಂಗಸೊಬ್ಬರು ನೀಲಿ ಪ್ಲಾಸ್ಟಿಕ್ ಸ್ಟೂಲು ಹತ್ತುತ್ತಾರೆ, ಒಂದು ಕಣ್ಣು ಮುಚ್ಚಿ ಕಣವನ್ನು ನೋಡುತ್ತಾರೆ, ಇಳಿಯುತ್ತಾರೆ. ಸ್ಟೂಲನ್ನು ಒಂದು ಮಾರು ಸರಿಸಿ ಮತ್ತೆ ಹತ್ತುತ್ತಾರೆ.

"ಏನವ್ವ ಅಂತ್ರಕ್ಕ, ಕುಸ್ತಿ ಶುರುವಾಗೋದು ಮಧ್ಯಾಹ್ನ. ಈಗ್ಲೇ ಬಂದು ಮಣ್ಣಿನ ಫೋಟೋ ತೆಗಿತೀಯಾ?" ಎಂದು ಶಿವಮೂರ್ತಪ್ಪ ಕೆಣಕುತ್ತಾರೆ.

"ಇವತ್ತು ಎಲ್ರ ಮುಖಕ್ಕೂ ಮೆತ್ತಿಕೊಳ್ಳೋದು ಇದೇ ಮಣ್ಣಲ್ವಾ ಉಸ್ತಾದ್ರೇ? ಮೊದ್ಲು ಇದ್ರ ಮುಖ ನೋಡ್ಕಂತೀನಿ."

"ಹಂಗಾದ್ರೆ ನನ್ ಮುಖಾನೂ ಒಂದೀಟು ತೆಗಿ."

"ನಿಮ್ದು ಹೋದ ವರ್ಷದ್ದೇ ಐತೆ ಬಿಡ್ರಿ. ಅದೇ ಮುಖ, ಅದೇ ಬನಿಯನ್ನು."

ಇವರು ಅಂತರಘಟ್ಟಮ್ಮ. ಊರು ಚನ್ನಗಿರಿ ತಾಲೂಕಿನ ಸಂತೇಬೆನ್ನೂರು, ವಯಸ್ಸು ನಲವತ್ತಾರು. ಚನ್ನಗಿರಿಯ ಕೇಬಲ್ ವಾಹಿನಿಯೊಂದರಲ್ಲಿ ಭಾನುವಾರ ಸಂಜೆ 'ನಮ್ಮ ಕಣ' ಎಂಬ ಅರ್ಧ ಗಂಟೆಯ ಕಾರ್ಯಕ್ರಮ ಬರುತ್ತದೆ. ಅದರ ಕ್ಯಾಮೆರಾ ಇವರದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಎಲ್ಲೇ ಕುಸ್ತಿ, ಕಬಡ್ಡಿ, ಖೊಖೊ, ಕಲ್ಲುಗುಂಡು ಎತ್ತುವ ಪಂದ್ಯ ಇದ್ದರೂ ಗಂಡ ತಿಪ್ಪೇಶಪ್ಪನ ಮೊಪೆಡ್ಡಿನ ಹಿಂದೆ ಕೂತು, ಮಡಿಲಲ್ಲಿ ಕ್ಯಾಮೆರಾ ಇಟ್ಟುಕೊಂಡು, ಸ್ಟೂಲನ್ನು ಬೆನ್ನಿಗೆ ಕಟ್ಟಿಕೊಂಡು ಹಾಜರಾಗುತ್ತಾರೆ. ಜಗಳೂರಿಗೆ ಮಾತ್ರ ಬಸ್ಸು. ಅಷ್ಟು ದೂರ ಮೊಪೆಡ್ಡಿಗೆ ಆಗಿಬರುವುದಿಲ್ಲ. ಸ್ಟೂಲಿಗೂ ಟಿಕೆಟ್ ತೆಗೆಯಿರಿ ಎಂದ ಕಂಡಕ್ಟರಿಗೆ ಒಮ್ಮೆ, "ಇದೂ ಹೆಣ್ಣೇ ಕಣಪ್ಪ, ಫ್ರೀ. ಬೇಕಾದ್ರೆ ಆಧಾರ್ ಕಾರ್ಡ್ ತೋರಿಸ್ತೀನಿ" ಅಂದಿದ್ದರಂತೆ. ಬಸ್ಸಿಗೆ ಬಸ್ಸೇ ನಕ್ಕಿತ್ತು, ಸ್ಟೂಲು ಪುಕ್ಕಟೆ ಜಗಳೂರು ಸೇರಿತ್ತು.

ಬಯಲಿನ ಇನ್ನೊಂದು ಬದಿಯಲ್ಲಿ ಈಗ ಶಾಮಿಯಾನದ ಗಳ ಏಳುತ್ತಿದೆ. ಅದು ಗಣ್ಯರ ವೇದಿಕೆ. ದೊಡ್ಡ ವಾಹಿನಿಗಳ ಕ್ಯಾಮೆರಾ ಬಂದರೆ ಸೀದಾ ಅದಕ್ಕೆ ಮುಖ ಮಾಡಿ ನಿಲ್ಲುತ್ತದೆ. ದೀಪ ಹಚ್ಚುವುದು, ಶಾಲು ಹೊದೆಸುವುದು, ಭಾಷಣದ ಎರಡು ಮಾತು ಹಿಡಿದು, ಮೊದಲ ಜೋಡಿ ಕಣಕ್ಕಿಳಿಯುವಷ್ಟರಲ್ಲಿ ಗಾಡಿ ಹತ್ತಿ ಹೊರಟಿರುತ್ತದೆ. ಕುಸ್ತಿ ಕಣ ರಾಜ್ಯದ ಸುದ್ದಿಯಾಗುವುದು ಅಲ್ಲಿ ಯಾರಾದರೂ ಕುರ್ಚಿ ಎಸೆದಾಡಿದಾಗ ಮಾತ್ರ. ಅಂತರಘಟ್ಟಮ್ಮ ಹುಡುಕುತ್ತಿರುವುದು ವೇದಿಕೆ ತಮ್ಮ ಬೆನ್ನಿಗೆ ಬರುವ ಜಾಗವನ್ನು. ಅಲ್ಲಿಂದ ನೋಡಿದರೆ ಪೈಲ್ವಾನರು, ಅವರ ಹಿಂದೆ ನೆಲದ ಮೇಲೆ ಕೂತ ಜನ ಕಾಣುತ್ತಾರೆ. ಹೋದ ವರ್ಷ ಒಬ್ಬ ಮುಖಂಡರು ಎದ್ದು ಬಂದು, "ಏನಮ್ಮ, ನಿನ್ನ ಕ್ಯಾಮೆರಾಕ್ಕೆ ನಾವು ಕಾಣೋದೇ ಇಲ್ವಾ?" ಎಂದು ಕೇಳಿದ್ದರು. "ಕಾಣ್ತೀರಿ ಸಾರ್, ಲಂಗೋಟಿ ಕಟ್ಕಂಡು ಕಣಕ್ಕೆ ಬರ್ರಿ, ಪೂರ್ತಿ ತೋರಿಸ್ತೀನಿ" ಎಂದು ಉತ್ತರ ಹೋಗಿತ್ತು. ಪುಣ್ಯಕ್ಕೆ ಆ ಮುಖಂಡರಿಗೆ ನಗಲು ಬರುತ್ತಿತ್ತು.

ಏಳನೇ ಇಯತ್ತೆಗೆ ಶಾಲೆ ಬಿಟ್ಟ ಅಂತರಘಟ್ಟಮ್ಮನಿಗೆ ಕ್ಯಾಮೆರಾ ಸಿಕ್ಕಿದ್ದು ಗಂಡನ ಜ್ವರದಿಂದ. ತಿಪ್ಪೇಶಪ್ಪ ಸಂತೇಬೆನ್ನೂರಿನಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದರು. ಇವರು ಹಿಂದೆ ದೀಪ ಹಿಡಿದು ನಿಲ್ಲುತ್ತಿದ್ದರು. ಒಂದು ಬೇಸಗೆಯಲ್ಲಿ ಗಂಡ ಟೈಫಾಯ್ಡ್ ಆಗಿ ಮಲಗಿದಾಗ ಊರಿನ ಕಬಡ್ಡಿ ಪಂದ್ಯ ಬಂತು. ಕೇಬಲ್ಲಿನವರಿಗೆ ಮಾತು ಕೊಟ್ಟಾಗಿತ್ತು. ಕ್ಯಾಮೆರಾ ಎತ್ತಿಕೊಂಡು ಹೆಂಡತಿಯೇ ಹೊರಟರು, ಗೊತ್ತಿದ್ದ ಒಂದೇ ವಿದ್ಯೆಯಂತೆ ಕಬಡ್ಡಿಯನ್ನೂ ಮದುವೆಯ ಹಾಗೆ ತೆಗೆದರು. ಈ ತಂಡ ಒಂದಿಷ್ಟು, ಆ ತಂಡ ಒಂದಿಷ್ಟು. ಔಟಾಗಿ ಗೆರೆಯ ಹೊರಗೆ ಕೂತವರು ನೀರು ಕುಡಿಯುವುದು, ಸುತ್ತ ನಿಂತವರು ಬಾಯಿ ಬಿಟ್ಟು ನೋಡುವುದು, ಎಲ್ಲವೂ ಬಂತು. ಕೇಬಲ್ ಮಾಲೀಕರು, "ಇದೇನು ಆಟಾನೋ ಬೀಗರೂಟಾನೋ?" ಎಂದು ಬೈದರು. ಆದರೆ ಭಾನುವಾರ ಅದು ಪ್ರಸಾರವಾದ ಮೇಲೆ, ಇನ್ನೊಂದು ಸಲ ಹಾಕಿ ಎಂದು ಕರೆಗಳು ಬಂದವು. ಸೋತ ತಂಡದ ಊರಿನಿಂದಲೇ ಹೆಚ್ಚು.

"ಮದುವೆ ವಿಡಿಯೋದಾಗೆ ಹೆಣ್ಣಿನ ಕಡೆಯೋರು ಊಟಕ್ಕೆ ಕೂತಿದ್ದು ತೋರ್ಸಿ ಗಂಡಿನ ಕಡೆಯೋರ್ದು ಬಿಟ್ರೆ ಮುಗೀತು ಕಥೆ. ಕ್ಯಾಸೆಟ್ಟು ವಾಪಸ್ ಬರ್ತೈತೆ, ಜತಿಗೆ ಬೈಗುಳಾನೂ ಬರ್ತೈತೆ. ಎರಡು ಕಡೆಯೋರೂ ಸಮ ಬರ್ಬೇಕು. ಆಟಕ್ಕೂ ಎರಡು ಕಡೆ ಇರ್ತಾವಲ್ಲ? ನಂಗೆ ಇದ್ರಾಗೆ ಹೊಸದೇನೂ ಕಾಣ್ಲಿಲ್ಲ" ಎನ್ನುತ್ತಾರೆ ಅವರು.

ಕುಸ್ತಿ ಕಣ ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಹೆಂಗಸು ಕಣದ ಹತ್ತಿರ ಬರಬಾರದು ಎಂದವರಿದ್ದರು. "ಕ್ಯಾಮೆರಾ ಒಳಗೆ ಬರ್ಲಿ, ನೀವು ಹಗ್ಗದ ಆಚೆ ಇರಿ" ಎಂದು ಒಂದು ಊರಿನವರು ಹೇಳಿದಾಗ ಇವರು ಕ್ಯಾಮೆರಾವನ್ನು ನೆಲಕ್ಕಿಟ್ಟು, "ತಡೀರಿ, ಅದೇ ನಡ್ಕಂಡು ಬರ್ತೈತಾ ನೋಡಾನ" ಎಂದು ಕೈಕಟ್ಟಿ ನಿಂತರು. ಆಗ ಹಗ್ಗ ಎತ್ತಿ ಒಳಗೆ ಬಿಟ್ಟವರು ಇದೇ ಶಿವಮೂರ್ತಪ್ಪ. ಈಗ ಅದೇ ಕಣಗಳಲ್ಲಿ ಹುಡುಗಿಯರೇ ಲಂಗೋಟಿಯ ಬದಲು ಬಿಗಿ ಉಡುಪು ತೊಟ್ಟು ಇಳಿಯುತ್ತಾರೆ.

ದುಡಿಮೆ ಈಗಲೂ ನಡೆಯುವುದು ಮದುವೆ ವಿಡಿಯೋದಿಂದಲೇ. ಆಟದ ಕೆಲಸಕ್ಕೆ ಸಿಗುವುದು ಪೆಟ್ರೋಲು, ಊಟ, ಆಗೊಮ್ಮೆ ಈಗೊಮ್ಮೆ ಒಂದು ಶಾಲು. ಕಾರ್ಯಕ್ರಮದ ಕೊನೆಯಲ್ಲಿ ಬರುವ ಹೆಸರಿನ ಪಟ್ಟಿಯಲ್ಲಿ 'ಅಂತರಘಟ್ಟಮ್ಮ' ಎಂಬ ದೇವಿಯ ಹೆಸರು ಪೂರ್ತಿ ಹಿಡಿಯುವುದಿಲ್ಲ. 'ಕ್ಯಾಮೆರಾ: ಅಂತರ' ಎಂದಷ್ಟೇ ಬಂದು ನಿಲ್ಲುತ್ತದೆ. "ದೇವಿ ಅರ್ಧಕ್ಕೇ ನಿಂತ್ಲಲ್ರೀ" ಎಂದು ನಗುತ್ತಾರೆ.

ಹಂಚಿಕೆಯಲ್ಲಿ ಅವರು ಬಿಗಿ. ಚಂದಾದಾರರು ಹೊನ್ನಾಳಿಯಲ್ಲಿ ಹೆಚ್ಚು, ಅಲ್ಲಿಯದೇ ಹಾಕು ಎಂದು ಮಾಲೀಕರು ಹೇಳಿದರೂ ನಾಲ್ಕೂ ತಾಲೂಕು ಸರದಿಯ ಪ್ರಕಾರ ಬರುತ್ತವೆ. ಜಗಳೂರಿಗೆ ಈ ಕೇಬಲ್ಲಿನ ತಂತಿಯೇ ಹೋಗಿಲ್ಲ. ಅಲ್ಲಿಯ ಆಟಗಾರರು ಫೋನಿನಲ್ಲಿ ನೋಡಿಕೊಳ್ಳುತ್ತಾರೆ. "ತಂತಿ ಹೋಗಿಲ್ಲ ಅಂತ ಕಣ್ಣೂ ಹೋಗ್ಬಾರ್ದಾ?" ಎಂಬುದು ಇವರ ವಾದ. ತಮ್ಮನ ಮಗ ಕೆಂಚೇಶ್ ಹೊನ್ನಾಳಿಯಲ್ಲಿ ಮೊದಲ ಪಟ್ಟಿಗೇ ಚಿತ್ತಾದದ್ದನ್ನೂ ಇವರು ತೋರಿಸಿದ್ದಾರೆ. ನಾದಿನಿ ಯುಗಾದಿಗೆ ಹೋಳಿಗೆ ಕೊಟ್ಟು ಕಳಿಸಲಿಲ್ಲ. "ಸೋದರತ್ತೆ ಆಗಿ ಒಂದ್ಸಲ ಕತ್ತರಿ ಹಾಕ್ಬಾರ್ದಿತ್ತಾ?" ಎಂದು ಕೇಳಿದಳಂತೆ. "ಕತ್ತರಿಸಿದ್ರೆ ಉಳಿಯೋದು ಬರೀ ಕೈ ಕುಲುಕಿದ್ದು ಕಣವ್ವ. ಅಷ್ಟು ಬೇಗ ಬಿದ್ದಿದ್ದ."

ಮಧ್ಯಾಹ್ನಕ್ಕೆ ನ್ಯಾಮತಿಯ ಬಯಲು ತುಂಬಿದೆ. ಬೆಳಗ್ಗೆ ಮಣ್ಣು ಮಗುಚಿದ ಶಿವಮೂರ್ತಪ್ಪ ಈಗ ಒಗೆದ ಪಂಚೆ ಉಟ್ಟು ಮೈಕಿನ ಮುಂದಿದ್ದಾರೆ. ಜೋಡಿಯ ಹೆಸರು ಕೂಗುವುದು ಅವರ ಕೆಲಸ. ಕೂಗುವುದರಲ್ಲಿ ಅವರದೊಂದು ಕಟ್ಟಳೆ ಇದೆ: ಹೊರಗಿನಿಂದ ಬಂದ ಪೈಲ್ವಾನರ ಹೆಸರು ಮೊದಲು, ಊರಿನವರದು ಆಮೇಲೆ. "ಪಂಕ್ತಿಗೆ ಕೂತಾಗ ಮೊದಲ ಎಲೆ ಬಂದೋರಿಗೆ ಹಾಕ್ತೀವಿ. ಇದೂ ಹಂಗೇ" ಎನ್ನುತ್ತಾರೆ. ಗೆದ್ದ ಮೇಲೂ ಆ ಕ್ರಮ ತಪ್ಪುವುದಿಲ್ಲ. ಅವರ ಪಕ್ಕದಲ್ಲಿ ಹತ್ತಾರು ವರ್ಷ ನಿಂತ ಅಂತರಘಟ್ಟಮ್ಮನ ಬಾಯಿಗೂ ಅದೇ ರೂಢಿ. 'ನಮ್ಮ ಕಣ' ನೋಡುವವರಿಗೆ ಇದು ಗೊತ್ತು. ಮೊದಲ ಹೆಸರು ಅತಿಥಿ, ಎರಡನೆಯದು ಆತಿಥೇಯ.

ಹುಡುಗಿಯರ ಕೊನೆಯ ಜೋಡಿ ಬೆಳ್ಳಿ ಕಡಗದ್ದು. "ಜಗಳೂರು ಸುನೀತಾ! ನ್ಯಾಮತಿ ಶಿವಲೀಲಾ!" ಎಂದು ಶಿವಮೂರ್ತಪ್ಪ ಕೂಗುತ್ತಾರೆ. ಸುನೀತಾ ಕಾಲೇಜಿನ ಹುಡುಗಿ, ಮಾತಿನ ಮಲ್ಲಿ. ಶಿವಲೀಲಾ ಇಲ್ಲೇ ತಾಲೂಕಿನ ಹಳ್ಳಿಯವಳು. ತಂದೆತಾಯಿ ಇಲ್ಲ, ಎಮ್ಮೆ ಸಾಕಿಕೊಂಡಿರುವ ಅಜ್ಜಿ ಗಾದ್ರಮ್ಮ ಬೆಳೆಸಿದ್ದಾರೆ. ಇಬ್ಬರೂ ಮಣ್ಣು ಮುಟ್ಟಿ ಹಣೆಗಿಟ್ಟುಕೊಂಡು ಕೈ ಕುಲುಕುತ್ತಾರೆ. ಸ್ವಲ್ಪ ಹೊತ್ತಿಗೆ ಯಾರು ಯಾರೆಂದು ಗುರುತಾಗದ ಹಾಗೆ ಇಬ್ಬರ ಮೈಯೂ ಕೆಂಪಾಗಿದೆ. ಸುನೀತಾ ಮೇಲೇರಿ ಕೂರುತ್ತಾಳೆ, ಅದುಮುತ್ತಾಳೆ, ಜನ "ಆತು ಆತು" ಎನ್ನುತ್ತಾರೆ. ಕೆಳಗಿದ್ದ ಶಿವಲೀಲಾ ಮೀನಿನಂತೆ ಒಮ್ಮೆ ಹೊರಳುತ್ತಾಳೆ. ಅಷ್ಟೇ. ಸುನೀತಾಳ ಎರಡೂ ಭುಜ ನೆಲಕ್ಕೆ ತಾಗಿ ಅವಳು ಚಿತ್ತಾಗುತ್ತಾಳೆ. ಹಲಗೆ ಬಡಿಯುತ್ತದೆ. ಕಡಗ ಶಿವಲೀಲಾಳ ಕೈಗೆ ಬರುತ್ತದೆ.

ಅಂದು ಒಂದು ದೊಡ್ಡ ಸುದ್ದಿವಾಹಿನಿಯ ವರದಿಗಾರ ವಿನಯ್ ಕುಮಾರ್ ಕಣದಲ್ಲಿಲ್ಲ. ಮಂತ್ರಿಗಳ ಕಾರ್ಯಕ್ರಮಕ್ಕೆ ಹೊನ್ನಾಳಿಯಲ್ಲಿ ಸಿಕ್ಕಿಬಿದ್ದಿದ್ದಾರೆ. "ಅಕ್ಕಾ, ಏನಾದ್ರೂ ಚೂರು ಕಳಿಸ್ರಿ, ನಮ್ಮಲ್ಲಿ ಹಾಕಿಸ್ತೀನಿ" ಎಂದು ಫೋನು ಮಾಡುತ್ತಾರೆ. ರಾಜ್ಯದ ಪರದೆ! ಅಂತರಘಟ್ಟಮ್ಮ ಹಿಗ್ಗಿ ಹೀರೇಕಾಯಿಯಾಗಿ ಕೊನೆಯ ತುಣುಕನ್ನು ಕಳಿಸಿ, ಜತೆಗೆ ದನಿಯ ಸಂದೇಶ ಬಿಡುತ್ತಾರೆ: "ವಿನಯಪ್ಪ, ಬೆಳ್ಳಿ ಕಡಗದ ಕುಸ್ತಿ ಕಳಿಸೀನಿ. ಜಗಳೂರು ಸುನೀತಾ, ನ್ಯಾಮತಿ ಶಿವಲೀಲಾ. ಇಬ್ರ ಹೆಸರೂ ಬರ್ಲಿ ನೋಡು." ಗೆದ್ದವರು ಯಾರೆಂದು ಬೇರೆ ಹೇಳುವುದು ಅವರಿಗೆ ಹೊಳೆಯುವುದೇ ಇಲ್ಲ. ಚಿತ್ರದಲ್ಲೇ ಇದೆಯಲ್ಲ!

ವಿನಯ್ ಅದನ್ನು ಹಾಗೇ ಮುಂದೆ ದಾಟಿಸುತ್ತಾರೆ. ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ಮಣ್ಣು ಮೆತ್ತಿದ ಎರಡು ಮೈ ಕಾಣುತ್ತವೆ, ಎರಡು ಹೆಸರು ಕೇಳುತ್ತವೆ. ಮೊದಲು ಹೇಳಿದ್ದು ಗೆದ್ದವರ ಹೆಸರೇ ಇರಬೇಕು ಎಂದುಕೊಳ್ಳುತ್ತಾರೆ. ಮರುದಿನ ಬೆಳಗಿನಿಂದ ಸಂಜೆಯವರೆಗೆ ಪ್ರತಿ ವಾರ್ತೆಯಲ್ಲೂ ಅದೇ ಬರುತ್ತದೆ: 'ಜಗಳೂರಿನ ಸುನೀತಾಗೆ ಬೆಳ್ಳಿ ಕಡಗ.'

ಸಂತೇಬೆನ್ನೂರಿನ ಮನೆಯಲ್ಲಿ ತಿಪ್ಪೇಶಪ್ಪ ಚಹಾದ ಲೋಟ ಹಿಡಿದು ಹಾಗೇ ನಿಲ್ಲುತ್ತಾರೆ. "ಏನೇ ಇದು? ಗೆದ್ದೋಳು ಈಕೆ ಅಲ್ವಲ್ಲ?"

"ನಂದೇ ಬಾಯಿ ಕಣ್ರೀ" ಎಂದು ಹೆಂಡತಿ ಹಣೆ ಹಿಡಿದು ಕೂರುತ್ತಾರೆ. "ಅವ್ರಿಗೆ ನಮ್ ಕಟ್ಟಳೆ ಹೆಂಗೆ ಗೊತ್ತಾಗ್ಬೇಕು?"

ಅಷ್ಟರಲ್ಲಿ ಶಿವಲೀಲಾಳ ಫೋನು ಬರುತ್ತದೆ. ಅವಳು ಅಳುವುದಿಲ್ಲ, ಆದರೆ ದನಿ ಗಟ್ಟಿಯಾಗಿದೆ. ಊರಿನ ಹುಡುಗರು ಕಟ್ಟೆಯ ಮೇಲೆ ಕೂತು, "ಕಡಗ ಯಾವ ಅಂಗಡಿಯಾಗೆ ತಗಂಡಿ, ನಮ್ಗೂ ಹೇಳು" ಎನ್ನುತ್ತಿದ್ದಾರೆ. ಅದನ್ನು ನುಂಗಿಕೊಳ್ಳಬಹುದು. ಅಜ್ಜಿಯದೇ ಕಷ್ಟ. ಗಾದ್ರಮ್ಮನಿಗೆ ಟಿವಿ ಹೇಳಿದ್ದೇ ಮಾತು. "ಟಿವಿಯೋರಿಗೆ ನಿನ್ ಮ್ಯಾಲೆ ಏನು ಹಗೆ ಐತೆ? ಅವ್ರ್ಯಾಕೆ ಸುಳ್ಳು ಹೇಳ್ತಾರೆ? ಸೋತು ಬಂದಿದ್ರೆ ಎಣ್ಣೆ ತಿಕ್ಕಿ ನೀರು ಹಾಕ್ತಿದ್ದೆ. ಸುಳ್ಳು ಹೇಳ್ಕಂಡು ಬಂದಿಯಲ್ಲ, ಇನ್ಮ್ಯಾಲೆ ಕಣದ ಕಡೆ ಹೆಜ್ಜೆ ಇಡಂಗಿಲ್ಲ." ಹೊನ್ನಾಳಿಯ ಕುಸ್ತಿ ಮುಂದಿದೆ. ಶಿವಲೀಲಾಳ ಹೆಸರು ಅಲ್ಲಿ ಸೇರಿಯಾಗಿದೆ.

ಅಂತರಘಟ್ಟಮ್ಮ ಪೂರ್ತಿ ಕುಸ್ತಿಯನ್ನು ಫೋನಿಗೆ ಕಳಿಸಿ, ಅಜ್ಜಿಗೆ ತೋರಿಸು ಎನ್ನುತ್ತಾರೆ. ತೋರಿಸಿದ್ದಾಯಿತು. ಗಾದ್ರಮ್ಮ ಬಗ್ಗಲಿಲ್ಲ. "ಫೋನಾಗೆ ಏನ್ ಬೇಕಾದ್ರೂ ಮಾಡ್ತಾರಂತೆ ಈಗ. ಮೊನ್ನೆ ಅದ್ಯಾರದೋ ಆಕಳು ಇಂಗ್ಲೀಷು ಮಾತಾಡ್ತಿತ್ತು."

ಹಾಗಾದರೆ ತಪ್ಪು ಬಂದ ಪರದೆಯ ಮೇಲೇ ಸರಿಯೂ ಬರಬೇಕು. ಅಂತರಘಟ್ಟಮ್ಮ ಹೊನ್ನಾಳಿಗೆ ಹೋಗಿ ವಿನಯ್ ಕುಮಾರ್ ಎದುರು ಕೂರುತ್ತಾರೆ. ವಿನಯ್ ಕೆಟ್ಟವರಲ್ಲ. ಆಗಲೇ ಕಚೇರಿಗೆ ನಾಲ್ಕಾರು ಸಲ ಹೇಳಿದ್ದಾರೆ. ಒಂದು ವಾರ್ತೆಯಲ್ಲಿ, ಪರದೆಯ ಕೆಳಗೆ ಓಡುವ ಸಾಲಿನಲ್ಲಿ ತಿದ್ದುಪಡಿ ಹಾಕಲು ಕಚೇರಿಯವರು ಒಪ್ಪಿದ್ದಾರಂತೆ.

"ತಪ್ಪು ಹಲಗೆ ಬಡ್ಕಂಡು ಬಂತು, ಮಾಫಿ ಇರುವೆ ಸಾಲಿನಂಗೆ ಹೋಗ್ತೈತಾ? ಗಾದ್ರಮ್ಮಂಗೆ ಓದಾಕೆ ಬರಲ್ಲ ಕಣಪ್ಪ."

"ಅಕ್ಕಾ, ನಾನೇನು ಮಾಡ್ಲಿ? ಇಡೀ ಜಿಲ್ಲೆ ಆಟಕ್ಕೆ ನಂಗೆ ಸಿಗೋದು ಅರ್ಧ ನಿಮಿಷ. ಅದೂ ಕ್ರಿಕೆಟ್ ಇಲ್ದಿದ್ದ ದಿನ. ಲೋಕಲ್ ಆಟ ಯಾರು ಕೂತು ನೋಡ್ತಾರೆ ಅಂತಾರೆ ಅವ್ರು."

"ಕ್ರಿಕೆಟ್ ನಾನೂ ನೋಡ್ತೀನಿ. ಅದಕ್ಕೆ ಕೊಡ್ಲಿ, ಬ್ಯಾಡ ಅಂದೋರ್ಯಾರು? ಹುಡುಗಿ ಗೆದ್ದಿದ್ದು ಗೆದ್ದಂಗೆ ಹೇಳ್ರಿ ಅಂತೀನಿ, ಅಷ್ಟೇ."

"ಆತು, ಇನ್ನೊಂದ್ಸಲ ಕೇಳ್ತೀನಿ. ನೀವೂ ಇನ್ಮೇಲೆ ಗೆದ್ದೋರ ಹೆಸರು ಮೊದ್ಲು ಹೇಳ್ಬಿಡ್ರಿ, ತಕರಾರೇ ಇರಲ್ಲ."

ಅಂತರಘಟ್ಟಮ್ಮ ತಲೆಯಾಡಿಸುತ್ತಾರೆ. "ಅದೊಂದು ಆಗಲ್ಲ. ಅಷ್ಟು ದೂರದಿಂದ ಬಂದ ಹುಡುಗೀನ ಬಾಗಿಲಾಗೆ ನಿಲ್ಸಿ ನಮ್ಮೋಳಿಗೆ ಮೊದ್ಲು ಎಲೆ ಹಾಕಾಕೆ ಆಗ್ತೈತಾ? ಗೆದ್ದೋರು ಯಾರು ಅಂತ ಬೇರೆ ಹೇಳ್ತೀನಿ. ಬೇಕಾದ್ರೆ ಎರಡು ಸಲ ಹೇಳ್ತೀನಿ."

ಮರುದಿನ ಗಂಡಹೆಂಡಿರಿಬ್ಬರೂ ಜಗಳೂರಿನ ಬಸ್ಸು ಹತ್ತುತ್ತಾರೆ. ಸುನೀತಾಗೂ ಒಂದು ಮಾತು ಹೇಳಬೇಕು. ಇಲ್ಲದ ಗೆಲುವನ್ನು ಅವಳ ತಲೆಗೆ ಕಟ್ಟಿದ್ದೂ ತಪ್ಪೇ. ಬಸ್ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ತಿಪ್ಪೇಶಪ್ಪ ಹೆಂಡತಿಯ ತೋಳು ತಿವಿಯುತ್ತಾರೆ. ಎದುರಿಗೆ ಆಳೆತ್ತರದ ಫ್ಲೆಕ್ಸು: 'ನ್ಯಾಮತಿ ಕುಸ್ತಿಯಲ್ಲಿ ಜಯಭೇರಿ ಬಾರಿಸಿದ ಜಗಳೂರಿನ ಹೆಮ್ಮೆಯ ಪುತ್ರಿ ಸುನೀತಾಗೆ ಅಭಿನಂದನೆಗಳು. ಕೋರುವವರು: ಸೋದರಮಾವ ಕಲ್ಲೇಶ್.' ಪುತ್ರಿಯ ಫೋಟೋ ಅಂಗೈಯಷ್ಟು, ಮಾವನ ಫೋಟೋ ಬಾಗಿಲಷ್ಟು.

ಅಲ್ಲೇ ಕಾಯುತ್ತಿದ್ದ ಸುನೀತಾ ಇವರನ್ನು ಕಂಡದ್ದೇ ಓಡಿಬರುತ್ತಾಳೆ. "ಅಕ್ಕಾ, ನನ್ನ ಕಾಪಾಡ್ರಿ! ಬಸ್ ಇಳಿದ್ರೆ ಹಾರ ಹಾಕ್ತಾರೆ. 'ಮಾವಾ, ನಾನು ಸೋತು ಬಂದೀನಿ' ಅಂದ್ರೆ, 'ಗೆದ್ರೂ ಎಷ್ಟು ತಗ್ಗಿ ನಡೀತಾಳೆ ನೋಡ್ರಿ ನಮ್ ಹುಡುಗಿ' ಅಂತ ಇನ್ನೊಂದು ಹಾರ ಹಾಕ್ತಾರೆ! ಕಡಗ ಎಲ್ಲಿ ಅಂದ್ರೆ ಏನು ಹೇಳ್ಲಿ? ಕಾಲೇಜಿಗೆ ಹೋಗಾಕೆ ಮುಖ ಇಲ್ಲ."

ಅಂತರಘಟ್ಟಮ್ಮ ನಗಬಾರದೆಂದು ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲುವುದಿಲ್ಲ. ಇಲ್ಲಿ ಸೋತೆ ಎಂದವಳು ವಿನಯವಂತೆ, ಅಲ್ಲಿ ಗೆದ್ದೆ ಎಂದವಳು ಸುಳ್ಳಿ! ಆಮೇಲೆ ಶಿವಲೀಲಾಳ ಅಜ್ಜಿಯ ಕಥೆ ಹೇಳುತ್ತಾರೆ. ಸುನೀತಾ ತನ್ನ ಗೋಳು ಮರೆಯುತ್ತಾಳೆ. ಹೊನ್ನಾಳಿಯಲ್ಲಿ ಅವಳು ಕಾಯುತ್ತಿರುವುದೇ ಶಿವಲೀಲಾಳಿಗಾಗಿ. ಇನ್ನೊಂದು ಕೈ ನೋಡಬೇಕು. "ಅವ್ಳು ಬರ್ದಿದ್ರೆ ನಾನು ಯಾರ ಜತಿ ಹಿಡೀಲಿ? ಕ್ಯಾಮೆರಾ ತೆಗೀರಿ ಅಕ್ಕಾ, ನಾನೇ ಹೇಳ್ತೀನಿ" ಎಂದು ಸೀದಾ ಫ್ಲೆಕ್ಸಿನ ಕೆಳಗೆ ಹೋಗಿ ನಿಲ್ಲುತ್ತಾಳೆ.

"ಅಲ್ಲಿ ಬ್ಯಾಡವ್ವ, ಜನ ನಗ್ತಾರೆ."

"ನಗ್ಲಿ ಬಿಡ್ರಿ. ಇದನ್ನ ನೋಡೇ ನಂಬಿದ್ದಲ್ವಾ ಅವ್ರು?"

ಅವಳು ಹೇಳಿದ್ದು ಇಷ್ಟು: "ನಾನು ಸುನೀತಾ. ನ್ಯಾಮತಿ ಕುಸ್ತಿಯಾಗೆ ನಾನು ಸೋತೀನಿ. ಶಿವಲೀಲಾ ಗೆದ್ದಾಳೆ. ಕಡಗ ಅವ್ಳದ್ದೇ. ಅವ್ಳು ಕೆಳಗಿಂದ ಹೊರಳಿದ್ದು ಹೆಂಗೆ ಅಂತ ನಂಗೆ ಈಗ್ಲೂ ಗೊತ್ತಾಗಿಲ್ಲ. ಹೊನ್ನಾಳಿಗೆ ಬಾರೇ, ಇನ್ನೊಂದ್ಸಲ ಹಿಡೀತೀನಿ. ಈ ಫ್ಲೆಕ್ಸು ನಮ್ ಮಾವಂದು. ಫೋಟೋನೂ ಹೆಚ್ಚು ಅವ್ರದ್ದೇ."

ಕಲ್ಲೇಶ್ ಮಾವ ಅಷ್ಟರಲ್ಲಿ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಮೊದಲು ಮುಖ ಕೆಂಪಾಗುತ್ತದೆ. ಫ್ಲೆಕ್ಸಿನ ಕಡೆ ನೋಡುತ್ತಾರೆ, ಸೊಸೆಯ ಕಡೆ ನೋಡುತ್ತಾರೆ. ಕೊನೆಗೆ, "ಸುತ್ತಿ ಅಟ್ಟದ ಮ್ಯಾಲೆ ಇಡ್ತೀನಿ. ಹೆಂಗೂ ಮುಂದಿನ ವರ್ಷ ಗೆಲ್ತಾಳೆ. ಇಸವಿ ಹಾಕಿಲ್ಲ ನಾನು" ಎಂದು ಹಗ್ಗ ಬಿಚ್ಚುತ್ತಾರೆ.

ಸುನೀತಾಳ ಮಾತು ಭಾನುವಾರಕ್ಕೆ ಕಾಯದೆ ಅಂದು ಸಂಜೆಯೇ ಕೇಬಲ್ಲಿನಲ್ಲಿ ಬರುತ್ತದೆ, ಅಲ್ಲಿಂದ ಫೋನುಗಳಿಗೆ ಹಾರುತ್ತದೆ. ಸೋತೆನೆಂದು ಹೇಳಿಕೊಳ್ಳಲು ಇಷ್ಟು ಹಟ ಹಿಡಿದವರನ್ನು ಜನ ಕಂಡಿರಲಿಲ್ಲ. ಜಗಳೂರಿನ ಚಹಾ ಅಂಗಡಿಯಿಂದ ಹೊನ್ನಾಳಿಯ ಸೇತುವೆಯವರೆಗೆ ಅದೇ ಮಾತು. ಗಾದ್ರಮ್ಮ ಮಾತ್ರ, ಮೊದಲು ಹೇಳಿದ ಟಿವಿಯೇ ಹೇಳಲಿ ಎಂದು ಕೂತಿದ್ದಾರೆ. ಎರಡು ದಿನ ಕಳೆಯುವಷ್ಟರಲ್ಲಿ ವಿನಯ್ ಕುಮಾರ್ ಫೋನಿನಲ್ಲಿ ಏದುಸಿರು ಬಿಡುತ್ತಿದ್ದಾರೆ. "ಅಕ್ಕಾ, ನಮ್ಮೋರಿಗೆ ಆ ಹುಡುಗಿ ಮಾತು ಬೇಕಂತೆ! 'ಸೋತವಳ ಫ್ಲೆಕ್ಸ್' ಅಂತ ಮಜವಾಗಿ ಮಾಡ್ತಾರಂತೆ."

ಇಲ್ಲಿ ಅಂತರಘಟ್ಟಮ್ಮ ತಮ್ಮ ಪಟ್ಟು ಹಾಕುತ್ತಾರೆ. ಮಾತು ಕೊಡುವುದು ಪೂರ್ತಿ ಕುಸ್ತಿಯ ಜತೆಗೇ. ಕೈ ಕುಲುಕಿದಲ್ಲಿಂದ ಹಿಡಿದು ಚಿತ್ತಾಗುವವರೆಗೆ ಕತ್ತರಿ ಹಾಕಬಾರದು. ಗೆದ್ದವಳ ಹೆಸರು ದಿನದ ಎಲ್ಲ ವಾರ್ತೆಯಲ್ಲೂ ಬಾಯಲ್ಲಿ ಹೇಳಬೇಕು, ಬರೆದು ಓಡಿಸಿದರೆ ಸಾಲದು. "ಇನ್ನೊಂದು ಐತೆ. ಹುಡುಗಿ ಮಾತಾಡುವಾಗ ಟುಂಯ್ ಟುಂಯ್ ಅಂತ ಮ್ಯೂಸಿಕ್ ಹಾಕ್ಬಾರ್ದು. ಅವ್ಳು ಜೋಕು ಮಾಡ್ತಿಲ್ಲ, ಸೋತಿದ್ದು ಹೇಳ್ತಾವ್ಳೆ."

"ಪೂರ್ತಿ ಕುಸ್ತೀನಾ? ಒಪ್ಪಲ್ಲ ಅಕ್ಕಾ."

"ಒಪ್ಪದಿದ್ರೆ ಬಿಡ್ಲಿ. ನಮ್ ಕೇಬಲ್ಲಾಗೆ ಬಂದೈತಲ್ಲ."

ಫೋನಿಟ್ಟ ಮೇಲೆ ತಿಪ್ಪೇಶಪ್ಪ, "ಜಾಸ್ತಿ ಎಳೀಬ್ಯಾಡ ಕಣೇ, ಹರಿದು ಹೋದೀತು" ಎನ್ನುತ್ತಾರೆ. ಹೆಂಡತಿ ಮೊರದಲ್ಲಿದ್ದ ಅಕ್ಕಿಯನ್ನು ಆರಿಸಿದ್ದನ್ನೇ ಆರಿಸುತ್ತಾರೆ. ಈ ಬಾಗಿಲು ಮುಚ್ಚಿದರೆ ಶಿವಲೀಲಾಳಿಗೆ ಬೇರೆ ಬಾಗಿಲಿಲ್ಲ ಎಂಬುದು ಅವರಿಗೂ ಗೊತ್ತು. ಅಕ್ಕಿ ಒಲೆಗೆ ಬೀಳುವ ಹೊತ್ತಿಗೆ ಫೋನು ಮತ್ತೆ ಬಡಿದುಕೊಳ್ಳುತ್ತದೆ. ಒಪ್ಪಿದ್ದಾರೆ. ಬರುವ ಭಾನುವಾರ ಬೆಳಗಿನ ಕ್ರೀಡಾ ವಾರ್ತೆಯಲ್ಲಿ ಪೂರ್ತಿ ಕುಸ್ತಿ. ಉಳಿದ ವಾರ್ತೆಗಳಲ್ಲಿ ಗೆದ್ದವಳ ಹೆಸರು.

ಭಾನುವಾರ ಬೆಳಗ್ಗೆ ಅಂತರಘಟ್ಟಮ್ಮ, ತಿಪ್ಪೇಶಪ್ಪ ಇಬ್ಬರೂ ಗಾದ್ರಮ್ಮನ ಮನೆಯಲ್ಲಿದ್ದಾರೆ. ಸುದ್ದಿ ಹೇಗೋ ಹಬ್ಬಿ ಪಡಸಾಲೆ ತುಂಬಿದೆ. ಕಡಗದ ಅಂಗಡಿ ಕೇಳಿದ್ದ ಹುಡುಗರು ಕಿಟಕಿಯ ಹೊರಗೆ ನಿಂತಿದ್ದಾರೆ. ಶಿವಲೀಲಾ ಬಾಗಿಲ ಮರೆಯಲ್ಲಿದ್ದಾಳೆ. ಗಾದ್ರಮ್ಮ ಟಿವಿಯ ಎದುರು ಮಣೆ ಹಾಕಿ ಕೂತು, "ಹಾಕ್ಲಿ ನೋಡಾನ" ಎನ್ನುತ್ತಾರೆ.

ಮೊದಲು ಸುನೀತಾ ಬರುತ್ತಾಳೆ. ಸಂಗೀತ ಇಲ್ಲ. ಅವಳ ಮಾತು ಮುಗಿದು ನ್ಯಾಮತಿಯ ಬಯಲು, ಕೆಮ್ಮಣ್ಣಿನ ಕಣ, ಕೈ ಕುಲುಕುವ ಇಬ್ಬರು ಹುಡುಗಿಯರು ಕಾಣಿಸುತ್ತಾರೆ. ಸುನೀತಾ ಮೇಲೇರುತ್ತಾಳೆ. ಅದುಮುತ್ತಾಳೆ. ಗಾದ್ರಮ್ಮನ ಕೈ ತಾನಾಗಿ ಮುಷ್ಟಿಯಾಗುತ್ತದೆ. "ಏಳೇ, ಏಳೇ" ಎನ್ನುತ್ತಾರೆ, ಮೊಮ್ಮಗಳು ಎರಡು ಮಾರು ಹಿಂದೆಯೇ ನಿಂತಿರುವುದು ಮರೆತು. ಕೆಳಗಿದ್ದ ಶಿವಲೀಲಾ ಭುಜ ಎತ್ತುತ್ತಾಳೆ, ಇನ್ನೇನು ಹೊರಳಬೇಕು...

ಪರದೆಯ ಮೇಲೆ ಸೋಪಿನ ನೊರೆ ಉಕ್ಕುತ್ತದೆ. ಒಬ್ಬಾಕೆ ನಗುನಗುತ್ತಾ ಕೆನ್ನೆ ಸವರಿಕೊಳ್ಳುತ್ತಿದ್ದಾಳೆ.

"ಥೂ, ಇವ್ರ ಮನೆ ಹಾಳಾಗ!" ಎಂದು ಇಡೀ ಪಡಸಾಲೆ ಎದ್ದು ಕೂಗುತ್ತದೆ. ಕಿಟಕಿಯ ಹುಡುಗರು ತಲೆ ಚಚ್ಚಿಕೊಳ್ಳುತ್ತಾರೆ. "ಎಲ್ಲೋದ್ಲು ನಮ್ ಹುಡುಗಿ? ಯಾರಿವ್ಳು ಮುಖ ತೊಳೆಯೋಳು?" ಎಂದು ಗಾದ್ರಮ್ಮ ಟಿವಿಗೇ ಗದರುತ್ತಾರೆ. ತಿಪ್ಪೇಶಪ್ಪ ಹೆಂಡತಿಯ ಕಡೆ ತಿರುಗಿ, "ಕತ್ತರಿ ಹಾಕಲ್ಲ ಅಂದಿದ್ರಲ್ಲೇ!" ಎನ್ನುತ್ತಾರೆ.

ಅಂತರಘಟ್ಟಮ್ಮ ಮಾತ್ರ ನಗುತ್ತಿದ್ದಾರೆ. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾರೆ. "ಲೋಕಲ್ ಆಟ ಯಾರು ಕೂತು ನೋಡ್ತಾರೆ ಅಂತಿದ್ರಲ್ರೀ? ನಮ್ ಹುಡುಗ್ಯಾರ ಕುಸ್ತಿ ನಿಲ್ಸಿ ಸೋಪು ಮಾರ್ತಾವ್ರೆ ನೋಡ್ರಿ. ಅಂದ್ರೆ ಯಾರೂ ಎದ್ದು ಹೋಗಲ್ಲ ಅನ್ನೋ ನಂಬಿಕೆ ಬಂದೈತೆ ಅವ್ರಿಗೆ!"

ನಿಜಕ್ಕೂ ಒಬ್ಬರೂ ಎದ್ದು ಹೋಗಿಲ್ಲ.

ನೊರೆ ಇಳಿಯುತ್ತದೆ, ಕಣ ಮರಳುತ್ತದೆ. ಶಿವಲೀಲಾ ಹೊರಳುತ್ತಾಳೆ. ಸುನೀತಾಳ ಎರಡೂ ಭುಜ ಮಣ್ಣಿಗೆ ತಾಗುತ್ತವೆ. "ನ್ಯಾಮತಿಯ ಶಿವಲೀಲಾ ವಿಜೇತೆ" ಎಂದು ವಾರ್ತೆ ಓದುವಾಕೆ ಬಾಯಿ ತುಂಬ ಹೇಳಿ, ಹಿಂದಿನ ತಪ್ಪಿಗೆ ವಿಷಾದವನ್ನೂ ಹೇಳುತ್ತಾರೆ. ಗಾದ್ರಮ್ಮ ಕೂತಲ್ಲೇ ಸೆರಗು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಹಿಂತಿರುಗದೆಯೇ ಬಾಗಿಲ ಮರೆಗೆ ಕೇಳುವಂತೆ, "ಹೊನ್ನಾಳಿ ಕುಸ್ತಿ ಯಾವತ್ತೇ?" ಎನ್ನುತ್ತಾರೆ. ಶಿವಲೀಲಾ ದಿನ ಹೇಳುತ್ತಾಳೆ. "ನಾನೂ ಬರ್ತೀನಿ. ಅರ್ಧಕ್ಕೆ ನಿಲ್ಸಿ ಮುಖ ತೊಳೆಯೋಳ್ನ ತೋರಿಸ್ತಾರೆ ಇವ್ರು. ಕಣದಾಗೇ ಕೂತು ನೋಡ್ತೀನಿ."

ಚಹಾ ಕುಡಿದು ಹೊರಡುವಾಗ ಅಂತರಘಟ್ಟಮ್ಮ ಸ್ಟೂಲನ್ನು ಬೆನ್ನಿಗೆ ಬಿಗಿದುಕೊಳ್ಳುತ್ತಾರೆ. ಸಂಜೆ ಚನ್ನಗಿರಿಯಲ್ಲಿ ಖೊಖೊ ಇದೆ. ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ ಮೊಪೆಡ್ಡಿನ ಮೇಲೆ ಕೂತೇ ಯೋಚಿಸುತ್ತಾರೆ.

"ಈ ಸಲ ಒಂದು ಸೋಪು ಬಂತು. ಹೊನ್ನಾಳಿ ಕುಸ್ತಿಗೆ ಎರಡು ಬರ್ಲಿ, ಸಾಕು."